ಸಾಫ್ಟ್‌ವೇರ್ ಬಿಲ್ಲು ಕೈ ಮೀರೋಕೆ ಮುಂಚೆ ಸಣ್ಣ ಬಿಸಿನೆಸ್‌ನೋರು ಮಾಡ್ಕೋಬೇಕಾದ ಕೆಲಸಗಳು

ನಮ್ದು ಆರು ಜನರ ಡಿಸೈನ್ ಆಫೀಸು. ಹೋದ ವರ್ಷ ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತಗೊಂಡು, ಹಳದಿ ಹೈಲೈಟರ್ ಹಿಡ್ಕೊಂಡು ಕೂತೆ, ಸಾಫ್ಟ್‌ವೇರ್‌ಗೆ ಅಂತ ಹೋದ ದುಡ್ಡಿಗೆಲ್ಲ ಬಣ್ಣ ಬಳೀತಾ ಹೋದೆ, ಎರಡನೇ ಪೇಜ್ ಮುಗಿಯೋಷ್ಟರಲ್ಲೇ ಎದೆ ಭಾರ ಆಯ್ತು. ಒಟ್ಟು 19 ಗೆರೆ. ಅದ್ರಲ್ಲಿ ಒಂದು, ಕೆಲಸ ಬಿಟ್ಟು 14 ತಿಂಗಳಾಗಿದ್ದ ಹುಡುಗಿಯ ಹೆಸರಲ್ಲಿದ್ದ ಸೀಟು, ಅಂದ್ರೆ ಒಬ್ಬರು ಬಳಸೋಕೆ ಅಂತ ಕಟ್ಟೋ ಲೈಸೆನ್ಸು. ಇನ್ನೊಂದು ಏನಕ್ಕೆ ಅಂತ ನಮ್ಮಲ್ಲಿ ಯಾರಿಗೂ ನೆನಪೇ ಇರ್ಲಿಲ್ಲ. ಬಾಡಿಗೆ ಜಾಸ್ತಿ ಮಾಡ್ತೀನಿ ಅಂದ್ರೆ ಓನರ್ ಹತ್ರ ಹೋಗಿ ಮಾತಾಡ್ತೀವಿ, ಪೇಪರ್ ರೇಟ್ ಏರಿದ್ರೆ ನಾಕು ಕಡೆ ವಿಚಾರಿಸ್ತೀವಿ, ಇದು ಮಾತ್ರ ಕೇಳೋರಿಲ್ಲದೆ ತಿಂಗಳು ತಿಂಗಳು ಕಾರ್ಡಿಂದ ಹೋಗ್ತಾನೇ ಇರತ್ತೆ. ಹನಿ ಹನಿ ಕೂಡಿದ್ರೆ ಹಳ್ಳ ಅನ್ನೋದು ಉಳಿತಾಯಕ್ಕೆ ಎಷ್ಟು ನಿಜವೋ ಖರ್ಚಿಗೂ ಅಷ್ಟೇ ನಿಜ.

ಆ ಸಂಜೆಯಿಂದ ಸುಮಾರು ಎಂಟು ತಿಂಗಳು ಇದರ ಹಿಂದೆ ಬಿದ್ದು ಕಲಿತಿದ್ದನ್ನ ಇಲ್ಲಿ ಬರೀತಿದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ಬೆಲೆ ಏರೋದನ್ನ ನಾವು ತಡೆಯೋಕಾಗಲ್ಲ, ಆದ್ರೆ "ಬೇಡ, ನಾವು ಹೊರಡ್ತೀವಿ" ಅನ್ನೋ ಸ್ಥಿತಿಯಲ್ಲಿ ಇರೋದು ನಮ್ಮ ಕೈಲಿದೆ. ಡೇಟಾ ಅವರ ಹತ್ರ ಮಾತ್ರ ಇದ್ರೆ ನಮ್ಮ ಜುಟ್ಟು ಅವರ ಕೈಲಿ ಇದ್ದಂಗೇ. ಕೆಳಗಿರೋ ಎಲ್ಲಾ ಹೆಜ್ಜೆನೂ ಆ ಜುಟ್ಟು ಬಿಡಿಸ್ಕೊಳ್ಳೋದಕ್ಕೇ.

ಹಿಂಗ್ಯಾಕಾಯ್ತು ಅಂತ ಸ್ವಲ್ಪ

ಮುಂಚೆ ಸಾಫ್ಟ್‌ವೇರ್ ಒಂದ್ಸಲ ಕೊಂಡ್ಕೊಂಡ್ರೆ ಕಂಪ್ಯೂಟರ್ ಕೆಡೋವರೆಗೂ ಓಡ್ತಿತ್ತು. ಫೋಟೋಶಾಪ್ ಮಾಡೋ ಅಡೋಬಿ 2013ರಲ್ಲಿ ಇನ್ಮುಂದೆ ತನ್ನ ಡಿಸೈನ್ ಸಾಫ್ಟ್‌ವೇರ್‌ಗಳ ಕಟ್ಟಾದ ಕ್ರಿಯೇಟಿವ್ ಸೂಟ್‌ನ ಹೊಸ ವರ್ಷನ್ ಬರಲ್ಲ, ಏನಿದ್ರೂ ಸಬ್‌ಸ್ಕ್ರಿಪ್ಷನ್ನೇ ಅಂತ ಹೇಳ್ತು. ಆಟೋಕ್ಯಾಡ್ ಮಾಡೋ ಆಟೋಡೆಸ್ಕ್ 2016ರಲ್ಲಿ ಅದೇ ದಾರಿ ಹಿಡೀತು. ಸರ್ವರ್ ಸಾಫ್ಟ್‌ವೇರ್ ಮಾಡೋ ವಿಎಂವೇರನ್ನ ಬ್ರಾಡ್‌ಕಾಮ್ 2023ರ ನವೆಂಬರಲ್ಲಿ ಕೊಂಡ್ಕೊಂಡು, ಡಿಸೆಂಬರಲ್ಲೇ ಶಾಶ್ವತ ಲೈಸೆನ್ಸ್ ಮಾರೋದು ನಿಲ್ಲಿಸಿಬಿಡ್ತು. ಒಮ್ಮೆ ಎಲ್ಲರೂ ಬಾಡಿಗೆಗೆ ಬಂದ ಮೇಲೆ ಬಾಡಿಗೆ ಏರಿಸೋದು ಸುಲಭ ನೋಡಿ. ಮೈಕ್ರೋಸಾಫ್ಟ್ 2022ರ ಮಾರ್ಚಲ್ಲಿ ಸಣ್ಣ ಬಿಸಿನೆಸ್‌ಗಳು ತಗೊಳ್ಳೋ ಬೇಸಿಕ್ ಪ್ಲಾನ್‌ನ ಒಂದೇ ಏಟಿಗೆ 20% ಏರಿಸ್ತು. 2025ರ ಶುರುವಲ್ಲಿ ಗೂಗಲ್ ತನ್ನ ವರ್ಕ್‌ಸ್ಪೇಸ್ ಬಿಸಿನೆಸ್ ಪ್ಲಾನ್‌ಗಳ ಒಳಗೇ ಜೆಮಿನಿ ಎಐ ಸೇರಿಸಿ ರೇಟ್ ಜಾಸ್ತಿ ಮಾಡ್ತು. ಎಐ ನಮಗೆ ಬೇಕಾ ಅಂತ ಕೇಳೋ ಪ್ರಶ್ನೆನೇ ಬರಲಿಲ್ಲ.

ದೊಡ್ಡ ಕಂಪನಿಗೆ ಇದನ್ನ ನೋಡ್ಕೊಳ್ಳೋಕೆ ಅಂತಾನೇ ಜನ ಇರ್ತಾರೆ, ಅವರು ಸಾವಿರ ಸೀಟ್ ಇಟ್ಕೊಂಡು ಚೌಕಾಸಿ ಮಾಡ್ತಾರೆ. ಐದಾರು ಸೀಟಿನೋರು ಲಿಸ್ಟ್ ಬೆಲೆ ಕೊಡ್ಬೇಕು. ವರ್ಷಕ್ಕೆ 10% ಏರಿದ್ರೂ ಏಳು ವರ್ಷಕ್ಕೆ ಹತ್ತತ್ರ ಡಬಲ್ ಆಗತ್ತೆ, ಗಿರಾಕಿಗಳ ಹತ್ರ ನಮ್ಮ ರೇಟನ್ನ ಹಂಗೆ ಡಬಲ್ ಮಾಡೋಕಾಗತ್ತಾ?

ಹೆಜ್ಜೆ 1: ಒಂದು ಶೀಟಲ್ಲಿ ಎಲ್ಲಾನೂ ಬರೀರಿ

ಇದಕ್ಕೆ ಯಾವ ಟೂಲೂ ಬೇಡ, ಇದನ್ನ ಟ್ರ್ಯಾಕ್ ಮಾಡೋಕೆ ಇನ್ನೊಂದು ಸಬ್‌ಸ್ಕ್ರಿಪ್ಷನ್ ಅಂತೂ ಖಂಡಿತ ತಗೋಬೇಡಿ. ಬ್ಯಾಂಕ್ ಮತ್ತೆ ಕಾರ್ಡ್ ಸ್ಟೇಟ್‌ಮೆಂಟ್ 13 ತಿಂಗಳದ್ದು ತೆಗೀರಿ. 12 ಸಾಕಲ್ವಾ ಅಂದ್ರೆ ಸಾಕಾಗಲ್ಲ, ವಾರ್ಷಿಕ ಬಿಲ್ಲು ಕೆಲವು ಸಲ ಆಚೀಚೆ ಆಗಿ ತಪ್ಪಿಸ್ಕೊಂಡುಬಿಡತ್ತೆ. ಆಮೇಲೆ ಫೋನಿನ ಆಪ್ ಸ್ಟೋರಲ್ಲಿ ಸಬ್‌ಸ್ಕ್ರಿಪ್ಷನ್ ಅನ್ನೋ ಜಾಗ ಇರತ್ತೆ, ಅದನ್ನೂ ನೋಡಿ, ಯಾಕಂದ್ರೆ ಅಲ್ಲಿಂದ ಕಟ್ಟಿದ್ದು ಸ್ಟೇಟ್‌ಮೆಂಟಲ್ಲಿ ಆಪಲ್ ಅಂತಾನೋ ಗೂಗಲ್ ಅಂತಾನೋ ಮಾತ್ರ ಕಾಣತ್ತೆ, ಯಾವ ಆಪ್ ಅಂತ ಗೊತ್ತಾಗಲ್ಲ. ಇಮೇಲಲ್ಲಿ ರಿನ್ಯೂವಲ್, ರಿಸೀಟ್, ಇನ್‌ವಾಯ್ಸ್ ಅಂತ ಹುಡುಕಿ. ನೌಕರರು ಸ್ವಂತ ಕಾರ್ಡಲ್ಲಿ ಕಟ್ಟಿ ಆಮೇಲೆ ಆಫೀಸಿಂದ ವಾಪಸ್ ತಗೊಂಡಿದ್ರೆ ಅದೂ ಬರ್ಬೇಕು.

ಶೀಟಲ್ಲಿ ಹೆಸರು, ಎಷ್ಟು ಸೀಟು, ವರ್ಷಕ್ಕೆ ಎಷ್ಟು (ತಿಂಗಳ ಲೆಕ್ಕ ಬರೀಬೇಡಿ, ತಿಂಗಳ ಲೆಕ್ಕ ಯಾವಾಗ್ಲೂ ಚಿಕ್ಕದಾಗಿ ಕಾಣತ್ತೆ), ಯಾರು ಬಳಸ್ತಾರೆ, ರಿನ್ಯೂವಲ್ ತಾರೀಖು, ಕ್ಯಾನ್ಸಲ್ ಮಾಡೋಕೆ ಎಷ್ಟು ದಿನ ಮುಂಚೆ ಹೇಳ್ಬೇಕು, ಅಡ್ಮಿನ್ ಅಕೌಂಟ್ ಯಾರ ಇಮೇಲಲ್ಲಿದೆ. ಈ ಕೊನೆ ಎರಡು ಕಾಲಂ ಯಾರೂ ಬರೆಯಲ್ಲ, ಪೆಟ್ಟು ಬೀಳೋದು ಅಲ್ಲೇ. ನಮ್ಮ ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಟೂಲಿನ ಒಪ್ಪಂದದಲ್ಲಿ 60 ದಿನ ಮುಂಚೆ ಲಿಖಿತವಾಗಿ ತಿಳಿಸ್ಬೇಕು ಅಂತ ಇತ್ತು, ನಾವು 41 ದಿನ ಇದ್ದಾಗ ಹೇಳಿದ್ವಿ, ಇನ್ನೊಂದು ಪೂರ್ತಿ ವರ್ಷದ ದುಡ್ಡು ಕಟ್ಟಿದ್ವಿ. ಆ ವರ್ಷ ಅದನ್ನ ತೆರೆದೂ ನೋಡಲಿಲ್ಲ. ಹಾಗಾಗಿ ಫೋನ್ ಕ್ಯಾಲೆಂಡರಲ್ಲಿ ರಿಮೈಂಡರ್ ಹಾಕೋದು ರಿನ್ಯೂವಲ್ ದಿನಕ್ಕಲ್ಲ, 90 ದಿನ ಮುಂಚೆಗೆ.

ಹೆಜ್ಜೆ 2: ಸೀಟು ಎಣಿಸಿ, ಪ್ಲಾನ್ ಇಳಿಸಿ

ಅಡ್ಮಿನ್ ಪೇಜಲ್ಲಿ ಪ್ರತಿ ಯೂಸರ್ ಮುಂದೆ ಕೊನೆಗೆ ಯಾವಾಗ ಲಾಗಿನ್ ಆದ್ರು ಅಂತ ಸಾಮಾನ್ಯವಾಗಿ ತೋರ್ಸತ್ತೆ. 60 ದಿನದಿಂದ ಬರದೇ ಇರೋರ ಸೀಟು ತೆಗೀರಿ. ಬಿಟ್ಟುಹೋದೋರ ಅಕೌಂಟ್ ಅಳಿಸೋ ಮುಂಚೆ ಅವರ ಫೈಲು, ಮೇಲ್ ಎಲ್ಲಾ ಬೇರೆಯವರ ಹೆಸರಿಗೆ ಮಾಡ್ಕೊಳ್ಳಿ, ಅಳಿಸಿದ ಮೇಲೆ ಸ್ವಲ್ಪ ದಿನಕ್ಕೆ ಆ ಡೇಟಾ ಪೂರ್ತಿ ಹೋಗ್ಬಿಡತ್ತೆ. ನೋಡೋಕೆ ಮಾತ್ರ ಬೇಕಾದೋರಿಗೆ ಎಷ್ಟೋ ಟೂಲಲ್ಲಿ ಫ್ರೀ ವ್ಯೂವರ್ ಅಂತ ಇರತ್ತೆ, ಪೂರ್ತಿ ಸೀಟು ಬೇಕಾಗಿಲ್ಲ.

ಆಮೇಲೆ ಪ್ಲಾನು. ನಾವು ಯಾವುದೋ ಒಂದು ಫೀಚರ್‌ಗೋಸ್ಕರ ಮೇಲಿನ ಪ್ಲಾನ್‌ಗೆ ಹೋಗಿರ್ತೀವಿ, ಆ ಕೆಲಸ ಮುಗಿದು ವರ್ಷ ಆಗಿರತ್ತೆ. ಇಲ್ಲಿ ಒಂದು ವಿಷಯ ಎಲ್ಲರೂ ತಿಳ್ಕೋಬೇಕು. ಮೈಕ್ರೋಸಾಫ್ಟ್ ತನ್ನ 365 ಪರ್ಸನಲ್ ಮತ್ತೆ ಫ್ಯಾಮಿಲಿ ಪ್ಲಾನ್‌ಗೆ ತನ್ನ ಎಐ ಸಹಾಯಕ ಕೋಪೈಲಟ್ ಸೇರಿಸಿ ಬೆಲೆ ಏರಿಸಿದಾಗ, ಕೋಪೈಲಟ್ ಇಲ್ಲದ ಹಳೇ ಬೆಲೆಯ 'ಕ್ಲಾಸಿಕ್' ಪ್ಲಾನ್ ಇದ್ರೂ ಅದನ್ನ ಗಿರಾಕಿಗಳಿಗೆ ಸರಿಯಾಗಿ ಹೇಳಲಿಲ್ಲ, ಕ್ಯಾನ್ಸಲ್ ಮಾಡೋಕೆ ಹೊರಟೋರಿಗೆ ಮಾತ್ರ ಅದು ಕಾಣ್ತಿತ್ತು ಅಂತ ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ 2025ರ ಅಕ್ಟೋಬರಲ್ಲಿ ಕೋರ್ಟಿಗೆ ಹೋಯ್ತು. ಅದಕ್ಕೇ ನಾನು ಹೇಳೋದು, ಯಾವ ಸಬ್‌ಸ್ಕ್ರಿಪ್ಷನ್ ಆದ್ರೂ ಕ್ಯಾನ್ಸಲ್ ದಾರೀಲಿ ಕೊನೆಯ ಕನ್ಫರ್ಮ್ ಬಟನ್ ತನಕ ಒಮ್ಮೆ ಹೋಗಿ ನೋಡಿ. ಕೊನೇದನ್ನ ಒತ್ತಬೇಡಿ. ಅಲ್ಲಿ ಕಡಿಮೆ ಪ್ಲಾನೋ ಡಿಸ್ಕೌಂಟೋ ಕಾಣಿಸ್ಕೊಂಡ್ರೂ ಕಾಣಿಸ್ಕೋಬಹುದು.

'ವಾರ್ಷಿಕ, ತಿಂಗಳು ತಿಂಗಳು ಪಾವತಿ' ಅನ್ನೋ ಪ್ಲಾನ್ ಬಗ್ಗೆ ಹುಷಾರು. ನೋಡೋಕೆ ತಿಂಗಳ ಪ್ಲಾನ್ ತರಾನೇ ಇರತ್ತೆ, ಆದ್ರೆ ಮಧ್ಯದಲ್ಲಿ ಬಿಟ್ರೆ ದಂಡ. ಈ ದಂಡವನ್ನ ಮುಚ್ಚಿಟ್ಟಿದ್ದಾರೆ, ಕ್ಯಾನ್ಸಲ್ ಮಾಡೋದನ್ನ ಕಷ್ಟ ಮಾಡಿದ್ದಾರೆ ಅಂತಾನೇ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ದೂರಿನ ಮೇಲೆ 2024ರ ಜೂನಲ್ಲಿ ಅಡೋಬಿ ಮೇಲೆ ಕೇಸ್ ಆಯ್ತು. ಇನ್ನು ಪೂರ್ತಿ ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಎರಡು ತಿಂಗಳು ಫ್ರೀ ಅಂತಾರಲ್ಲ, ಅದು ಲಾಭ ಆಗೋದು ಹತ್ತು ತಿಂಗಳಿಗಿಂತ ಜಾಸ್ತಿ ಬಳಸ್ತೀವಿ ಅಂತ ಗ್ಯಾರಂಟಿ ಇದ್ರೆ ಮಾತ್ರ. ಹೊಸ ಟೂಲಿಗೆ ಯಾವತ್ತೂ ವರ್ಷದ್ದು ಕಟ್ಬೇಡಿ.

ನಮಗೆ ಈ ಎರಡು ಹೆಜ್ಜೆಯಿಂದಲೇ 19 ಗೆರೆ 12ಕ್ಕೆ ಇಳೀತು. ಯಾವ ಟೂಲೂ ಬದಲಾಯಿಸಿರ್ಲಿಲ್ಲ ಇನ್ನೂ.

ಹೆಜ್ಜೆ 3: ಡೇಟಾ ಹೊರಗೆ ತನ್ನಿ, ತೆರೆದು ನೋಡಿ

ಇದು ಈ ಲೇಖನದ ಜೀವ, ದಯವಿಟ್ಟು ಹಾರಿಸ್ಬೇಡಿ. ಟೂಲ್ ಬಿಡೋ ಯೋಚನೆ ಇಲ್ಲದಿದ್ರೂ ಇದನ್ನ ಮಾಡಿ. ಬೆಲೆ ಏರಿಕೆಯ ಮೇಲ್ ಬಂದ ಮೇಲೆ ಎಕ್ಸ್‌ಪೋರ್ಟ್ ಬಟನ್ ಎಲ್ಲಿದೆ ಅಂತ ಹುಡುಕೋದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂಗೆ.

ಎಕ್ಸ್‌ಪೋರ್ಟ್ ಇದೆ ಅಂತ ವೆಬ್‌ಸೈಟಲ್ಲಿ ಬರೆದಿರೋದು ಬೇರೆ, ಅದು ನಮ್ಮ ಕೆಲಸಕ್ಕೆ ಬರೋದು ಬೇರೆ. ನಮ್ಮ ಗಿರಾಕಿಗಳ ಪಟ್ಟಿನ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿಯ ಫೈಲ್) ಮಾಡಿ ಡಬಲ್ ಕ್ಲಿಕ್ ಮಾಡಿದೆ. ಎಕ್ಸೆಲ್ಲಲ್ಲಿ ತೆರೀತು. ಫೋನ್ ನಂಬರ್ ಕಾಲಂ ಪೂರ್ತಿ 9.8 ಇ ಪ್ಲಸ್ 11 ಅನ್ನೋ ಥರದ ಅಂಕಿ ಆಗಿತ್ತು, ಸೊನ್ನೆಯಿಂದ ಶುರುವಾಗೋ ಕೋಡ್‌ಗಳ ಸೊನ್ನೆ ಮಾಯ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲಿದ್ದ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆ. ಗಾಬರಿ ಆಯ್ತು. ಆದ್ರೆ ಫೈಲ್ ಸರಿಯಾಗೇ ಇತ್ತು, ತೆರೆದ ರೀತಿ ತಪ್ಪು. ಎಕ್ಸೆಲ್ಲಲ್ಲಿ ಡೇಟಾ ಟ್ಯಾಬ್‌ಗೆ ಹೋಗಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತಗೋ ಅನ್ನೋದನ್ನ ಒತ್ತಿ, ಎನ್‌ಕೋಡಿಂಗ್ (ಅಕ್ಷರ ಗುರುತಿಸೋ ವಿಧಾನ) ಯುಟಿಎಫ್-8 ಅಂತ ಇಟ್ಟು, ಫೋನ್ ಕಾಲಂನ ಟೆಕ್ಸ್ಟ್ ಅಂತ ಗುರುತು ಮಾಡಿದ್ರೆ ಎಲ್ಲಾ ಸರಿ ಬರತ್ತೆ. ಲಿಬ್ರೆಆಫೀಸ್ (ಪುಕ್ಕಟೆ ಸಿಗೋ ಆಫೀಸ್ ಸಾಫ್ಟ್‌ವೇರ್) ಆದ್ರೆ ಫೈಲ್ ತೆರೆಯುವಾಗ್ಲೇ ಇವನ್ನೆಲ್ಲ ಕೇಳತ್ತೆ, ನನಗೆ ಅದೇ ವಾಸಿ ಅನ್ಸತ್ತೆ. ಒಂದು ಎಚ್ಚರಿಕೆ, ಡಬಲ್ ಕ್ಲಿಕ್ ಮಾಡಿ ಕೆಟ್ಟದಾಗಿ ತೆರೆದುಕೊಂಡ ಫೈಲನ್ನ ಸೇವ್ ಮಾಡಿಬಿಟ್ರೆ ಆಗ ನಿಜವಾಗ್ಲೂ ಹಾಳಾಗತ್ತೆ.

ಸಿಎಸ್‌ವಿಯಲ್ಲಿ ಏನು ಬರಲ್ಲ ಅಂತಾನೂ ನೋಡ್ಬೇಕು. ಅಟ್ಯಾಚ್‌ಮೆಂಟು, ಕಾಮೆಂಟು, ಹಳೇ ಇನ್‌ವಾಯ್ಸ್‌ನ ಪಿಡಿಎಫ್, ಯಾವ ಗಿರಾಕಿಗೆ ಯಾವ ಆರ್ಡರ್ ಅನ್ನೋ ಜೋಡಣೆ, ಇವು ಬಿಟ್ಟುಹೋಗೋದೇ ಜಾಸ್ತಿ. ಹತ್ತು ಹಳೇ ಗಿರಾಕಿಗಳ ಹೆಸರು ತಗೊಂಡು ಟೂಲಲ್ಲಿರೋದಕ್ಕೂ ಫೈಲಲ್ಲಿರೋದಕ್ಕೂ ಒಂದೊಂದೇ ತಾಳೆ ಹಾಕಿ. ಡಿಸೈನ್ ಫೈಲ್‌ಗಳನ್ನ ಮೂಲ ರೂಪದ ಜೊತೆಗೆ ಪಿಡಿಎಫ್ ಅಥವಾ ಎಸ್‌ವಿಜಿ (ಎಷ್ಟು ಹಿಗ್ಗಿಸಿದ್ರೂ ಒಡೆಯದ ಚಿತ್ರದ ಫೈಲ್) ರೂಪದಲ್ಲೂ ಇಟ್ಕೊಳ್ಳಿ, ಸಬ್‌ಸ್ಕ್ರಿಪ್ಷನ್ ನಿಂತ ಮಾರನೇ ದಿನ ಮೂಲ ಫೈಲ್ ತೆರೆಯೋಕೂ ಆಗದೇ ಇರಬಹುದು.

ಇಮೇಲ್ ವಿಷಯದಲ್ಲಿ ಒಂದೇ ಮಾತು: ವಿಳಾಸ ನಿಮ್ಮ ಸ್ವಂತ ಡೊಮೇನ್‌ದು (ವೆಬ್‌ಸೈಟ್ ಹೆಸರಿಂದು) ಇರಲಿ, ಆ ಡೊಮೇನ್ ನಿಮ್ಮದೇ ಹೆಸರಲ್ಲಿ ರಿಜಿಸ್ಟರ್ ಆಗಿರಲಿ. ವೆಬ್‌ಸೈಟ್ ಮಾಡಿಕೊಟ್ಟೋರ ಹೆಸರಲ್ಲಿ ಇದ್ರೆ ಇವತ್ತೇ ಕೇಳಿ ವರ್ಗ ಮಾಡಿಸ್ಕೊಳ್ಳಿ. ಡೊಮೇನ್ ನಿಮ್ಮದಾದ್ರೆ ಮೇಲ್ ಕಂಪನಿ ಬದಲಾಯಿಸೋದು ಅಂದ್ರೆ ಎಂಎಕ್ಸ್ ರೆಕಾರ್ಡ್ (ಮೇಲ್ ಯಾವ ಸರ್ವರ್‌ಗೆ ಹೋಗ್ಬೇಕು ಅನ್ನೋ ಡೊಮೇನ್ ಸೆಟ್ಟಿಂಗ್) ಬದಲಾಯಿಸಿ ಹಳೇ ಮೇಲ್‌ನ ಐಮ್ಯಾಪ್‌ನಲ್ಲಿ (ಸರ್ವರಿಂದ ಮೇಲ್ ತರೋ ವಿಧಾನ) ಎಳ್ಕೊಳ್ಳೋದು ಅಷ್ಟೇ, ಗಿರಾಕಿಗೆ ಗೊತ್ತೂ ಆಗಲ್ಲ. ಮೇಲ್ ಕಂಪನಿ ತನ್ನ ಹೆಸರಲ್ಲಿ ಕೊಟ್ಟ ವಿಳಾಸಾನೇ ನಂಬ್ಕೊಂಡಿದ್ರೆ ವಿಸಿಟಿಂಗ್ ಕಾರ್ಡಿಂದ ಬ್ಯಾಂಕ್ ತನಕ ಎಲ್ಲಾ ಬದಲಾಯಿಸ್ಬೇಕು.

ಹೆಜ್ಜೆ 4: ಸುಲಭದ್ದು ಮೊದಲು ಬದಲಾಯಿಸಿ

ಎಲ್ಲಾನೂ ಒಟ್ಟಿಗೆ ಬದಲಾಯಿಸೋಕೆ ಹೋಗಿ ಕೈ ಸುಟ್ಕೊಂಡೋರನ್ನ ನೋಡಿದೀನಿ. ಪಿಡಿಎಫ್ ಟೂಲು, ನೋಟ್ಸು, ವಿಡಿಯೋ ಕಾಲು, ಫಾರಂ, ಪಾಸ್‌ವರ್ಡ್ ಮ್ಯಾನೇಜರ್ ಇಂಥವು ಒಂದು ಮಧ್ಯಾಹ್ನದ ಕೆಲಸ. ವಿಡಿಯೋ ಕಾಲಿಗೆ ಜಿಟ್ಸಿ, ಪಾಸ್‌ವರ್ಡ್‌ಗೆ ಬಿಟ್‌ವಾರ್ಡನ್, ಕೀಪಾಸ್ ಇವೆಲ್ಲ ವರ್ಷಗಳಿಂದ ಗಟ್ಟಿಯಾಗಿ ನಿಂತಿರೋವು.

ಆಫೀಸ್ ಸಾಫ್ಟ್‌ವೇರ್‌ಗೆ ಲಿಬ್ರೆಆಫೀಸ್ ಇದೆ, 2010ರಲ್ಲಿ ಓಪನ್‌ಆಫೀಸಿಂದ ಕವಲೊಡೆದು ಬಂದಿದ್ದು, ದ ಡಾಕ್ಯುಮೆಂಟ್ ಫೌಂಡೇಷನ್ ಅನ್ನೋ ಲಾಭರಹಿತ ಸಂಸ್ಥೆ ನೋಡ್ಕೊಳ್ಳತ್ತೆ. ಅದರ ಓಡಿಎಫ್ ಫಾರ್ಮ್ಯಾಟ್ 2006ರಿಂದ ಐಎಸ್‌ಓ ಸ್ಟ್ಯಾಂಡರ್ಡು, ಅಂದ್ರೆ ಆ ಫೈಲ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಜರ್ಮನಿಯ ಷ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳನ್ನ ಇದಕ್ಕೆ ಬದಲಾಯಿಸ್ತೀವಿ ಅಂತ 2024ರಲ್ಲಿ ಘೋಷಿಸ್ತು, ಹಾಗಾಗಿ ಇದು ಹವ್ಯಾಸಿಗಳ ಆಟಿಕೆ ಅನ್ಕೋಬೇಡಿ. ವರ್ಡ್ ಫೈಲ್ ತೆರೆದಾಗ ಸಾಲುಗಳು ಸರಿದಾಡ್ತಿದ್ರೆ ಮುಖ್ಯ ಕಾರಣ ಫಾಂಟು. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೊ, ಕೇಂಬ್ರಿಯಾ ಬದಲಿಗೆ ಕಲಾಡಿಯಾ ಹಾಕಿ, ಅಕ್ಷರದ ಅಗಲ ಒಂದೇ ಇರೋದ್ರಿಂದ ಸಾಲು ಅಲ್ಲೇ ಕೂರತ್ತೆ. ಮ್ಯಾಕ್ರೋ (ಫೈಲ್ ಒಳಗೇ ಬರೆದ ಸಣ್ಣ ಪ್ರೋಗ್ರಾಂ) ತುಂಬಿರೋ ಎಕ್ಸೆಲ್ ಫೈಲ್ ಇದ್ರೆ ಮಾತ್ರ ಒಬ್ಬರ ಕಂಪ್ಯೂಟರಲ್ಲಿ ಎಕ್ಸೆಲ್ ಉಳಿಸ್ಕೊಳ್ಳಿ. ಆರು ಸೀಟಿನ ಜಾಗದಲ್ಲಿ ಒಂದು ಸೀಟು, ಅದೂ ಗೆಲುವೇ. ಹಳೇ ಆಫೀಸ್ 2016, 2019 ಇಟ್ಕೊಂಡು ಹೆಂಗೋ ನಡೆಸ್ತೀವಿ ಅನ್ನೋರಿಗೆ, ಅವೆರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ, ಹೊರಗಿಂದ ಬಂದ ಫೈಲ್ ತೆರೆಯೋ ಕಂಪ್ಯೂಟರಲ್ಲಿ ಅವನ್ನ ಇಟ್ಕೊಳ್ಳೋದು ಬೇಡ.

ಡಿಸೈನ್ ನನ್ನ ಕ್ಷೇತ್ರ ಆದ್ರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ಲೋಗೋ, ವೆಕ್ಟರ್ ಕೆಲಸಕ್ಕೆ ಇಂಕ್‌ಸ್ಕೇಪ್ ಸಾಕು. ಫೋಟೋ ತಿದ್ದೋ ಗಿಂಪ್‌ಗೆ 2025ರ ಮಾರ್ಚಲ್ಲಿ 3.0 ಬಂದ ಮೇಲೆ ಲೇಯರ್ ಎಫೆಕ್ಟ್‌ಗಳನ್ನ ಆಮೇಲೂ ತಿದ್ದಬಹುದು, ಅದು ದೊಡ್ಡ ಸುಧಾರಣೆ, ಆದ್ರೆ ಪ್ರೆಸ್ಸಿಗೆ ಹೋಗೋ ಸಿಎಂವೈಕೆ (ಪ್ರಿಂಟಿಂಗ್‌ನ ನಾಕು ಬಣ್ಣದ) ಕೆಲಸವನ್ನ ನೇರವಾಗಿ ಅದರಲ್ಲೇ ಮಾಡೋಕಾಗಲ್ಲ, ಅದಕ್ಕೆ ಕ್ರಿಟಾ ಅಥವಾ ಸ್ಕ್ರೈಬಸ್ ಕಡೆ ಹೋಗ್ಬೇಕು. ಅಫಿನಿಟಿ ಅನ್ನೋ ಡಿಸೈನ್ ಸಾಫ್ಟ್‌ವೇರನ್ನ ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡ್ಕೊಂಡು 2025ರ ಅಕ್ಟೋಬರಲ್ಲಿ ಫ್ರೀ ಮಾಡ್ತು. ತುಂಬಾ ಒಳ್ಳೇ ಸಾಫ್ಟ್‌ವೇರು, ನಾವೂ ಬಳಸ್ತೀವಿ, ಆದ್ರೆ ಕಂಪನಿ ಫ್ರೀ ಕೊಡೋದಕ್ಕೂ ಓಪನ್ ಸೋರ್ಸ್‌ಗೂ (ಕೋಡನ್ನ ಯಾರು ಬೇಕಾದ್ರೂ ತಗೊಂಡು ಮುಂದುವರಿಸಬಹುದಾದದ್ದು) ವ್ಯತ್ಯಾಸ ಇದೆ, ಕಂಪನಿ ಕೊಟ್ಟಿದ್ದನ್ನ ಕಂಪನಿನೇ ವಾಪಸ್ ತಗೋಬಹುದು. ನೋಟ್ಸ್ ಆಪ್ ಎವರ್‌ನೋಟ್ ತನ್ನ ಫ್ರೀ ಪ್ಲಾನನ್ನ 2023ರ ಡಿಸೆಂಬರಲ್ಲಿ 50 ನೋಟು, ಒಂದು ನೋಟ್‌ಬುಕ್‌ಗೆ ಇಳಿಸಿಬಿಡ್ತು. ಹಾಗಾಗಿ ಅಫಿನಿಟಿಯಲ್ಲಿ ಮುಗಿದ ಕೆಲಸವನ್ನೂ ನಾವು ಪಿಡಿಎಫ್ ಮಾಡಿ ಇಡ್ತೀವಿ.

ಹೆಜ್ಜೆ 5: ಅಕೌಂಟ್ಸು, ಬಿಲ್ಲಿಂಗು ಕೊನೆಗೆ

ಇದರಲ್ಲಿ ಅವಸರ ಬೇಡವೇ ಬೇಡ. ಬದಲಾಯಿಸೋದಾದ್ರೆ ಲೆಕ್ಕದ ವರ್ಷದ ಮೊದಲ ದಿನದಿಂದ, ಹಳೇ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸನ್ನೇ ಹೊಸದರ ಓಪನಿಂಗ್ ಬ್ಯಾಲೆನ್ಸ್ ಮಾಡ್ಕೊಂಡು. ನಿಮ್ಮ ಅಕೌಂಟೆಂಟನ್ನ ಕೇಳದೆ ಒಂದು ಹೆಜ್ಜೆನೂ ಇಡ್ಬೇಡಿ, ತೆರಿಗೆ ರಿಟರ್ನ್‌ಗೆ ಬೇಕಾದ ರಿಪೋರ್ಟ್ ಹೊಸದರಲ್ಲಿ ಬರತ್ತಾ ಅಂತ ಅವರೇ ಹೇಳ್ಬೇಕು. ಒಂದು ತಿಂಗಳು ಹಳೇದು ಹೊಸದು ಎರಡರಲ್ಲೂ ಎಂಟ್ರಿ ಮಾಡಿ, ತಿಂಗಳ ಕೊನೆಗೆ ಎರಡರ ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಗಳ ಬಾಕಿಯ ಪಟ್ಟಿ) ಪಕ್ಕ ಪಕ್ಕ ಇಟ್ಟು ನೋಡಿ. ಡಬಲ್ ಕೆಲಸ ನಿಜ, ಆದ್ರೆ ತಪ್ಪು ಸಿಗೋದು ಅಲ್ಲೇ.

ಒಬ್ಬರೇ ಲೆಕ್ಕ ಬರೆಯೋದಾದ್ರೆ ಗ್ನುಕ್ಯಾಶ್ ಗಟ್ಟಿ, ಒಂದೇ ಸಮಯಕ್ಕೆ ಇಬ್ಬರು ಕೂತು ಮಾಡೋಕೆ ಅದು ಆಗಲ್ಲ. ಸ್ಟಾಕು, ಆರ್ಡರು, ಲೆಕ್ಕ ಎಲ್ಲಾ ಒಂದೇ ಕಡೆ ಬೇಕು ಅಂದ್ರೆ ಇಆರ್‌ಪಿನೆಕ್ಸ್ಟ್ ಇದೆ, ಪೂರ್ತಿ ಓಪನ್ ಸೋರ್ಸು. ಅಂಥದ್ದೇ ಆದ ಓಡೂಗೂ ಫ್ರೀ ಕಮ್ಯುನಿಟಿ ವರ್ಷನ್ ಇದೆ ಆದ್ರೆ ಅದರ ಪೂರ್ತಿ ಅಕೌಂಟಿಂಗ್ ಭಾಗ ದುಡ್ಡು ಕೊಡೋ ವರ್ಷನ್‌ನಲ್ಲಿದೆ. ಇವನ್ನ ಸ್ವಂತ ಸರ್ವರಲ್ಲಿ ಹಾಕ್ಕೊಂಡ್ರೆ ಸಾಫ್ಟ್‌ವೇರ್ ಪುಕ್ಕಟೆ, ಸರ್ವರ್ ಬಾಡಿಗೆ ಮತ್ತೆ ಅಪ್‌ಡೇಟ್ ಮಾಡೋರ ಸಮಯ ಪುಕ್ಕಟೆ ಅಲ್ಲ. ತಿಂಗಳಿಗೆ ಎರಡು ಗಂಟೆ ಅದಕ್ಕೆ ಕೊಡೋರು ಆಫೀಸಲ್ಲಿ ಇಲ್ಲ ಅಂದ್ರೆ ದುಡ್ಡು ಕೊಟ್ಟು ನಡೆಸ್ಕೊಳ್ಳೋದೇ ವಾಸಿ, ಅದ್ರಲ್ಲಿ ಸೋಲೇನಿಲ್ಲ.

ಎಲ್ಲಿ ಕೈ ಬಿಗಿ ಹಿಡೀಬಾರದು ಅಂತಾನೂ ಹೇಳ್ಬೇಕು. ಬ್ಯಾಕಪ್ಪು. ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಜಾಗ, ಒಂದು ಆಫೀಸಿನ ಹೊರಗೆ. ಇನ್ನು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಅಂತೂ ಬೇಡವೇ ಬೇಡ, ಅದರ ಜೊತೆ ಬರೋ ವೈರಸ್ ಒಂದು ದಿನ ಎಲ್ಲಾ ಫೈಲಿಗೂ ಬೀಗ ಹಾಕಿ ಕೂರಬಹುದು, ಆಮೇಲೆ ಉಳಿಸಿದ್ದೆಲ್ಲ ಎಲ್ಲಿಗೋ ಹೋಯ್ತು.

ಹೆಜ್ಜೆ 6: ಉಳಿಸ್ಕೊಂಡಿರೋದಕ್ಕೆ ಚೌಕಾಸಿ ಮಾಡಿ

ಡೇಟಾ ಕೈಲಿದೆ, ಬದಲಿ ಯಾವುದು ಅಂತ ಗೊತ್ತಿದೆ, ಈಗ ಮಾತಾಡೋಕೆ ಧೈರ್ಯ ಬರತ್ತೆ. ಸಣ್ಣೋರ ಮಾತು ಯಾರು ಕೇಳ್ತಾರೆ ಅಂತ ನಾನೂ ಅಂದ್ಕೊಂಡಿದ್ದೆ, ಮೂರು ಕಡೆ ಬರೆದೆ, ಒಬ್ಬರು ಒಪ್ಕೊಂಡ್ರು. ನಾನು ಬರೆದಿದ್ದು ಇಷ್ಟೇ: "ನಮ್ಮ ರಿನ್ಯೂವಲ್‌ಗೆ 80 ದಿನ ಇದೆ. 6 ಸೀಟಿಂದ 4ಕ್ಕೆ ಇಳಿಸ್ತಾ ಇದ್ದೀವಿ. ಹೊಸ ಬೆಲೆ ನಮಗೆ ಆಗಲ್ಲ, ಬೇರೆ ಟೂಲ್ ಪ್ರಯತ್ನ ಮಾಡಿ ನೋಡಿದ್ದೀವಿ, ಡೇಟಾನೂ ಸರಿಯಾಗಿ ಹೋಗತ್ತೆ. ಹಳೇ ಬೆಲೆಗೆ ಎರಡು ವರ್ಷ ಕೊಡೋದಾದ್ರೆ ನಿಮ್ಮಲ್ಲೇ ಇರ್ತೀವಿ. ಈ ತಿಂಗಳ ಕೊನೆಯೊಳಗೆ ತಿಳಿಸಿ." ಬೈಗುಳ ಇಲ್ಲ, ಅಳಲೂ ಇಲ್ಲ. ಸುಳ್ಳು ಬೆದರಿಕೆ ಹಾಕ್ಬೇಡಿ, ನಿಜವಾಗ್ಲೂ ಹೋಗೋಕೆ ತಯಾರಿದ್ರೆ ಮಾತ್ರ ಹಿಂಗೆ ಬರೀರಿ. ಬೆಲೆ ಇಳಿಸಲ್ಲ ಅಂದ್ರೆ ಮುಂದಿನ ಏರಿಕೆ ವರ್ಷಕ್ಕೆ ಇಂತಿಷ್ಟು ಶೇಕಡಾ ದಾಟಬಾರದು ಅಂತ ಬರೆದು ಕೊಡಿ ಅಂತ ಕೇಳಿ.

ಯುರೋಪಲ್ಲಿರೋರಿಗೆ ಒಂದು ಬಲ ಇದೆ. ಅಲ್ಲಿನ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಜಾರಿ, ಅದರ ಪ್ರಕಾರ ಕ್ಲೌಡ್ ಸೇವೆ ಕೊಡೋರು ಗಿರಾಕಿ ಬೇರೆ ಕಡೆ ಹೋಗೋಕೆ ಅಡ್ಡಿ ಮಾಡೋ ಹಾಗಿಲ್ಲ, 2027ರ ಜನವರಿ 12ರಿಂದ ಬದಲಾವಣೆಗೆ ಅಂತ ಶುಲ್ಕಾನೂ ತಗೊಳ್ಳೋ ಹಾಗಿಲ್ಲ. ಬೇರೆ ದೇಶದೋರಿಗೆ ಸದ್ಯಕ್ಕೆ ಹೆಚ್ಚಾಗಿ ಒಪ್ಪಂದದಲ್ಲಿ ಏನು ಬರೆದಿದೆಯೋ ಅದೇ ಆಧಾರ, ಅದಕ್ಕೇ ಸಹಿ ಹಾಕೋ ಮುಂಚೆ ಓದ್ಬೇಕು ಅಂತ ಬಡ್ಕೊಳ್ಳೋದು.

ಹೆಜ್ಜೆ 7: ಮುಂದೆ ಹೊಸದು ತಗೊಳ್ಳುವಾಗ

ಆಫೀಸಲ್ಲಿ ಒಬ್ಬರಿಗೆ ಮಾತ್ರ ಈ ಜವಾಬ್ದಾರಿ ಕೊಡಿ, ಯಾರು ಏನೇ ಹೊಸದು ತಗೋಬೇಕಾದ್ರೂ ಅವರ ಶೀಟಲ್ಲಿ ಮೊದಲು ಒಂದು ಸಾಲು ಬರೀಬೇಕು. ಅಡ್ಮಿನ್ ಅಕೌಂಟ್ ಯಾರದೋ ಪರ್ಸನಲ್ ಇಮೇಲಲ್ಲಿ ಬೇಡ, ಆಫೀಸಿಗೆ ಅಂತಾನೇ ಒಂದು ವಿಳಾಸ ಮಾಡಿ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಶೀಟ್ ನೋಡಿ, ಪ್ರತಿ ಸಲ ಅದೇ ದಿನ ಡೇಟಾ ಎಕ್ಸ್‌ಪೋರ್ಟೂ ಮಾಡ್ಬಿಡಿ. 'ಲೈಫ್‌ಟೈಮ್ ಡೀಲ್' ಅಂತ ಬಂದ್ರೆ ಅದು ಆ ಕಂಪನಿಯ ಆಯುಷ್ಯ, ನಮ್ಮದಲ್ಲ, ಅಂತ ತಿಳ್ಕೊಂಡೇ ದುಡ್ಡು ಹಾಕಿ.

ಟ್ರಯಲ್ ಶುರು ಮಾಡಿದ ಮೊದಲ ದಿನ ಎಲ್ಲರೂ ಫೀಚರ್ ನೋಡ್ತಾರೆ. ನಾವೀಗ ಮಾಡೋದು ಬೇರೆ: ಸುಳ್ಳು ಹೆಸರಲ್ಲಿ ಹತ್ತು ಗಿರಾಕಿಗಳು, ಐದು ಆರ್ಡರು, ಎರಡು ಅಟ್ಯಾಚ್‌ಮೆಂಟ್ ಹಾಕಿ, ಅವತ್ತೇ ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನ ಲಿಬ್ರೆಆಫೀಸಲ್ಲಿ ತೆರೀತೀವಿ. ಹತ್ತಕ್ಕೆ ಹತ್ತು ಸಾಲೂ, ಆರ್ಡರೂ, ಅಟ್ಯಾಚ್‌ಮೆಂಟೂ ಸರಿಯಾಗಿ ಬಂದ್ರೆ ಮಾತ್ರ ಕಾರ್ಡ್ ನಂಬರ್ ಹಾಕೋದು.